ಪಾಸ್ಕಲ್ ಮಾಡಿದ ನಿಕ್ಲೌಸ್ ವಿರ್ಟ್ ಸೋತವರಾ? ಮಗನ ಜೊತೆ ಜಗಳ ಆಗಿದೆ, ತೀರ್ಪು ಕೊಡಿ

ಹಳೇ ಫ್ಲಾಪಿ
ದೀಪಾವಳಿಗೆ ದಾವಣಗೆರೆ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆ. ನನ್ನ ಕಾಲೇಜಿನ ಲ್ಯಾಬ್ ರೆಕಾರ್ಡ್ ಸಿಕ್ಕಿತು, 1994ರದ್ದು. ಕಂದು ಕಾಗದದ ಹೊದಿಕೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಪಾಸ್ಕಲ್’, ಆಗ ನಾವು ಕಲಿತ ಪ್ರೋಗ್ರಾಮಿಂಗ್ ಭಾಷೆ. ಒಂದು ಮೂಲೆ ಗೆದ್ದಲು ತಿಂದಿದೆ. ಮೇಷ್ಟ್ರ ಕೆಂಪು ಸಹಿಗಳು ಮಾತ್ರ ಹಾಗೇ ಇವೆ.

ಮಗನಿಗೆ ತೋರಿಸಿದೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ, ಹಾಗಾಗಿ ಅವನಿಗೆ ಎಲ್ಲವೂ ಗೊತ್ತು. ‘ಇದನ್ನ ಯಾರಪ್ಪಾ ಮಾಡಿದ್ದು?’ ಅಂದ. ನಿಕ್ಲೌಸ್ ವಿರ್ಟ್, ಸ್ವಿಟ್ಜರ್ಲೆಂಡಿನವರು ಅಂದೆ. ಮೊಬೈಲಿನಲ್ಲಿ ಎರಡು ನಿಮಿಷ ನೋಡಿದ. ‘ಆಯ್ಲರ್, ಆಲ್ಗಾಲ್ ಡಬ್ಲ್ಯೂ, ಪಾಸ್ಕಲ್, ಮಾಡ್ಯುಲಾ, ಮಾಡ್ಯುಲಾ-2, ಓಬೆರಾನ್. ಇಷ್ಟೆಲ್ಲ ಭಾಷೆ ಮಾಡಿದ್ದಾರೆ, ನಮ್ಮ ಆಫೀಸಲ್ಲಿ ಒಂದನ್ನೂ ಯಾರೂ ಮುಟ್ಟಲ್ಲ. ಪಾಪ, ಸೋತ ಮನುಷ್ಯ’ ಅಂದುಬಿಟ್ಟ.

ನನಗೆ ಉರಿಯಿತು. 1984ರಲ್ಲಿ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದವರನ್ನು ಸೋತವರು ಅಂದರೆ ಹೇಗೆ? ಆದರೆ ಏಣಿ ಮೇಲೆ ನಿಂತಿದ್ದಾಗ ಸರಿಯಾದ ಉತ್ತರ ಹೊಳೆಯಲಿಲ್ಲ. ಪ್ರಶಸ್ತಿ ಬಂದ ಮಾತ್ರಕ್ಕೆ ಗೆದ್ದ ಹಾಗೆ ಆಗುತ್ತಾ ಅಂತ ಅವನು ತಿರುಗಿ ಕೇಳಿದರೆ ನನ್ನ ಹತ್ತಿರ ಮಾತಿಲ್ಲ. ಗೊತ್ತಿರುವವರು ಹೇಳಿ.

ರಾಗಿಮುದ್ದೆ 64
ವರ್ತ್ ಅಲ್ವಾ? ನಮ್ಮ ಮೇಷ್ಟ್ರು ನಾಲ್ಕು ವರ್ಷ ವರ್ತ್ ಅಂತಲೇ ಹೇಳಿದ್ದು.

ಜ್ಯೂರಿಕ್ ಕನ್ನಡತಿ
ವಿರ್ಟ್ ಅನ್ನೋದೇ ಸರಿ. ಈ ಉಚ್ಚಾರಣೆ ಮೇಲೆ ಒಂದು ಹಳೇ ಜೋಕೇ ಇದೆ. ಯುರೋಪಿನವರು ಅವರನ್ನು ಹೆಸರಿನಿಂದ ಕರೆಯುತ್ತಾರೆ, ಅಮೆರಿಕದವರು ಬೆಲೆಯಿಂದ ಕರೆಯುತ್ತಾರೆ ಅಂತ. ಅಮೆರಿಕದವರ ಬಾಯಲ್ಲಿ ಅದು ‘ನಿಕಲ್ಸ್ ವರ್ತ್’, ಅಂದರೆ ಐದು ಸೆಂಟಿನ ಗಿರಾಕಿ. ಕಾಲ್ ಬೈ ನೇಮ್, ಕಾಲ್ ಬೈ ವ್ಯಾಲ್ಯೂ (ಪ್ರೋಗ್ರಾಂನ ಒಂದು ಭಾಗಕ್ಕೆ ಮಾಹಿತಿ ಕಳಿಸುವ ಎರಡು ಬಗೆ) ಓದಿದವರು ನಗಬಹುದು, ಉಳಿದವರು ಕ್ಷಮಿಸಿ.

ಹುಟ್ಟಿದ್ದು 1934ರ ಫೆಬ್ರವರಿ 15ಕ್ಕೆ, ವಿಂಟರ್‌ಟೂರ್ ಊರಿನಲ್ಲಿ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಒಂದು ಕಾಲಕ್ಕೆ ರೈಲು ಎಂಜಿನ್ ಮಾಡುತ್ತಿದ್ದ ಊರು. ಮೇಷ್ಟ್ರ ಮಗ. ಹುಡುಗನಾಗಿದ್ದಾಗ ಆಟಿಕೆ ವಿಮಾನ ಕಟ್ಟುವ ಹುಚ್ಚು. ವಿಮಾನ ಸುಮ್ನೆ ಹಾರಿದರೆ ಸಾಲದು, ನೆಲದ ಮೇಲೆ ನಿಂತು ರೇಡಿಯೊದಲ್ಲಿ ತಿರುಗಿಸಬೇಕು. ಆ ಹುಚ್ಚಿಗೇ ಎಲೆಕ್ಟ್ರಾನಿಕ್ಸ್ ಹಿಡಿದರು. 1959ರಲ್ಲಿ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ ಇಟಿಎಚ್‌ನಲ್ಲಿ ಡಿಗ್ರಿ, ಆಮೇಲೆ ಕೆನಡಾದ ಲವಾಲ್, 1963ರಲ್ಲಿ ಬರ್ಕ್ಲಿಯಿಂದ ಪಿಎಚ್‌ಡಿ, ಅಲ್ಲಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ. ತೀರಿಕೊಂಡಿದ್ದು 2024ರ ಜನವರಿ 1ಕ್ಕೆ. ಇನ್ನು ಒಂದೂವರೆ ತಿಂಗಳು ಇದ್ದಿದ್ದರೆ 90 ತುಂಬುತ್ತಿತ್ತು.

ಆಟಿಕೆ ವಿಮಾನದಲ್ಲಿ ಒಂದು ಗ್ರಾಂ ಜಾಸ್ತಿ ಆದರೂ ಮೇಲೇಳಲ್ಲ. ಅವರ ಭಾಷೆಗಳ ಗುಟ್ಟು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ. ಇದು ನನ್ನ ಊಹೆ, ಯಾರೂ ಜಗಳಕ್ಕೆ ಬರಬೇಡಿ.

ಸಿ ಪಾರ್ಟಿ
ಜಗಳಕ್ಕೆ ನಾನು ಬಂದೆ. ಫ್ಲಾಪಿ ಸಾರ್, ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ಮಗನ ಕಡೆ.

ಮೂಲ ಪಾಸ್ಕಲ್‌ನಲ್ಲಿ ಅರೇಯ (ಒಂದೇ ಬಗೆಯ ಬೆಲೆಗಳ ಸಾಲು) ಉದ್ದವೂ ಅದರ ಟೈಪಿನ, ಅಂದರೆ ಜಾತಿಯ, ಭಾಗ. 10 ಅಕ್ಷರದ ಅರೇ ಒಂದು ಜಾತಿ, 20 ಅಕ್ಷರದ್ದು ಇನ್ನೊಂದು ಜಾತಿ. ಎರಡನ್ನೂ ಒಂದೇ ಪ್ರೊಸೀಜರಿಗೆ ಕಳಿಸುವ ಹಾಗಿಲ್ಲ. ಇಂಥದ್ದರಲ್ಲಿ ಎಲ್ಲರಿಗೂ ಆಗುವ ಒಂದು ಸಾರ್ಟ್ ಬರೆಯಿರಿ ನೋಡೋಣ. 1981ರಲ್ಲಿ ಬ್ರಯಾನ್ ಕರ್ನಿಗನ್ ಒಂದು ಪುಸ್ತಕದ ಪ್ರೋಗ್ರಾಂಗಳನ್ನೆಲ್ಲ ಪಾಸ್ಕಲ್‌ಗೆ ತಂದು, ಸಾಕುಸಾಕಾಗಿ, ಈ ಭಾಷೆ ನನಗೆ ಯಾಕೆ ಹಿಡಿಸಲ್ಲ ಅಂತ ಒಂದೊಂದೇ ಎಣಿಸಿ ಬರೆದರು. ಪ್ರೋಗ್ರಾಂ ತುಂಡು ಮಾಡಿ ಬೇರೆ ಬೇರೆ ಕಂಪೈಲ್ ಮಾಡೋಕೆ (ಯಂತ್ರದ ಭಾಷೆಗೆ ತಿರುಗಿಸೋಕೆ) ಆಗಲ್ಲ, ಲೂಪಿನಿಂದ (ಮತ್ತೆ ಮತ್ತೆ ನಡೆಯುವ ಭಾಗದಿಂದ) ಅರ್ಧಕ್ಕೆ ಎದ್ದು ಬರೋಕೆ ಬ್ರೇಕ್ ಇಲ್ಲ, ಟೈಪಿನ ಬೇಲಿಗೆ ಗೇಟೇ ಇಲ್ಲ. ಪಾಠ ಮಾಡೋಕೆ ಚೆಂದ, ಕೆಲಸಕ್ಕೆ ಕಷ್ಟ. ಪಾಸ್ಕಲ್ ಬಂದ ಹೊತ್ತಿಗೇ ಸಿ ಭಾಷೆಯೂ ಬಂತು, ಕೆಲಸ ಮಾಡಿತು, ಗೆದ್ದಿತು. ಇದರಲ್ಲಿ ಭಾವುಕರಾಗೋಕೆ ಏನಿದೆ?

ಡೇಟಾಬೇಸ್ ಭಟ್ರು
ನಾನು 17 ವರ್ಷದಿಂದ ಒರಾಕಲ್ ಡೇಟಾಬೇಸಿನ ಭಾಷೆ ಪಿಎಲ್/ಎಸ್‌ಕ್ಯೂಎಲ್ ಬರೆದು ಸಂಬಳ ತಗೊಳ್ತಿದ್ದೇನೆ. ಬಿಗಿನ್ ಅಂತ ಶುರು, ಎಂಡ್ ಅಂತ ಮುಗಿವು, ಇಫ್ ಆದ ಮೇಲೆ ದೆನ್, ಬೆಲೆ ತುಂಬೋಕೆ := ಗುರುತು. ಇದು ಯಾರ ಮನೆ ಒಗ್ಗರಣೆ ವಾಸನೆ? ಒರಾಕಲ್‌ನವರು ಇದನ್ನ ಅಡಾ ಭಾಷೆ ನೋಡಿ ಮಾಡಿದರು, ಅಡಾ ಮಾಡಿದವರು ಪಾಸ್ಕಲ್ ಇಟ್ಟುಕೊಂಡು ಕೂತಿದ್ದರು. ಬೆಂಗಳೂರಲ್ಲಿ ದಿನಾ ಎಷ್ಟು ಜನ ಬಿಗಿನ್ ಎಂಡ್ ಬರೆದು ಮನೆ ಇಎಂಐ ಕಟ್ತಿದ್ದಾರೆ ಅಂತ ನಿಮ್ಮ ಮಗನಿಗೆ ಹೇಳಿ.

ಸಿ ಪಾರ್ಟಿ
ಭಟ್ರೇ, ಬಿಗಿನ್ ಎಂಡ್ ಆಗಲಿ := ಆಗಲಿ ವಿರ್ಟ್ ಅವರದ್ದಲ್ಲ, ಎರಡೂ ಪಾಸ್ಕಲ್‌ಗಿಂತ ಹಳೇ ಭಾಷೆ ಆಲ್ಗಾಲ್‌ದು. ಅಡಾ ಮಾಡಿದ್ದು ಇಶ್ಬಿಯಾ ತಂಡ. ಅಜ್ಜನ ಆಸ್ತಿಯನ್ನೆಲ್ಲ ಚಿಕ್ಕಪ್ಪನ ಹೆಸರಿಗೆ ಬರೆಯಬೇಡಿ.

ಡೇಟಾಬೇಸ್ ಭಟ್ರು
ಅಜ್ಜನ ಮನೆ ಕೀಲಿ ಚಿಕ್ಕಪ್ಪನ ಹತ್ತಿರ ಇತ್ತಲ್ಲ ಸ್ವಾಮಿ.

ಕಂಪೈಲರ್ ಕಾಕಾ
ಧಾರವಾಡದಿಂದ ನಮಸ್ಕಾರ. ಕಾಲೇಜಿನಲ್ಲಿ ಕಂಪೈಲರ್ ಪಾಠ ಮಾಡಿ ರಿಟೈರ್ ಆದವನು ನಾನು, ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ರಿ.

‘ಸೋಲು’ ಅಂತೀರಲ್ಲ, ಅವರು ಶುರು ಮಾಡಿದ್ದೇ ಸೋಲಿನಿಂದ. ಆಲ್ಗಾಲ್ 60 ಆದ ಮೇಲೆ ಮುಂದಿನದು ಹೇಗಿರಬೇಕು ಅಂತ ಒಂದು ಸಮಿತಿ ಕೂತಿತ್ತು. ವಿರ್ಟ್ ಮತ್ತು ಟೋನಿ ಹೋರ್ ಸೇರಿ ಒಂದು ಸಣ್ಣ, ಚೊಕ್ಕ ಪ್ರಸ್ತಾವ ಕೊಟ್ಟರು, 1966ರಲ್ಲಿ ಅಚ್ಚೂ ಆಯಿತು. ಸಮಿತಿಗೆ ಅದು ತೀರಾ ಸಪ್ಪೆ ಅನ್ನಿಸಿತು. ವಾನ್ ವೈನ್‌ಗಾರ್ಡನ್ ಅವರ ಭಾರಿ ಯೋಜನೆ ಹಿಡಿದರು. ಅದೇ ಆಲ್ಗಾಲ್ 68. (ಮೇಲೆ ಹೇಳಿದ ಐದು ಸೆಂಟಿನ ಜೋಕ್ ಇದೇ ವಾನ್ ವೈನ್‌ಗಾರ್ಡನ್ ಅವರದು ಅಂತಾರೆ.) ವಿರ್ಟ್ ಸಮಿತಿ ಬಿಟ್ಟು ಎದ್ದು ಬಂದರು. ತಿರಸ್ಕಾರ ಆದ ಪ್ರಸ್ತಾವವನ್ನೇ ಸ್ಟ್ಯಾನ್‌ಫರ್ಡ್‌ನಲ್ಲಿ ಐಬಿಎಂ 360 ಕಂಪ್ಯೂಟರ್ ಮೇಲೆ ಕಟ್ಟಿ ಓಡಿಸಿದರು. ಅದು ಆಲ್ಗಾಲ್ ಡಬ್ಲ್ಯೂ.

1967ರಲ್ಲಿ ತಾಯ್ನಾಡಿಗೆ ವಾಪಸ್. 1968ರಿಂದ ಇಟಿಎಚ್, 1999ರಲ್ಲಿ ನಿವೃತ್ತಿ ಆಗುವವರೆಗೂ ಅಲ್ಲೇ. ಹುಡುಗರಿಗೆ ಕಲಿಸೋಕೆ ಒಂದು ಭಾಷೆ ಬೇಕಿತ್ತು, ಫೋರ್ಟ್ರಾನ್ ಕಲಿಸೋಕೆ ಮನಸ್ಸಿಲ್ಲ. ಪಾಸ್ಕಲ್ ಹುಟ್ಟಿದ್ದು ಹಾಗೆ. ಮೊದಲ ಕಂಪೈಲರನ್ನು ಫೋರ್ಟ್ರಾನ್‌ನಲ್ಲೇ ಬರೆಯೋಕೆ ಹೋದರು, ಕೆಟ್ಟು ಹೋಯಿತು, ಎಸೆದರು. ಎರಡನೇ ಸಲ ಪಾಸ್ಕಲ್‌ನಲ್ಲೇ ಬರೆದರು. ಆದರೆ ಪಾಸ್ಕಲ್ ತಿಳಿಯುವ ಯಂತ್ರ ಭೂಮಿ ಮೇಲೆ ಎಲ್ಲೂ ಇರಲಿಲ್ಲವಲ್ಲ! ಹಾಗಾಗಿ ಅಷ್ಟೂ ಪ್ರೋಗ್ರಾಮನ್ನು ಕೈಯಲ್ಲಿ ಕೆಳಮಟ್ಟದ ಭಾಷೆಗೆ ಇಳಿಸಿದರು. ಒಂದು ಸಲ ಓಡಿದ ಮೇಲೆ ಅದು ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು. ಹೆಪ್ಪು ಹಾಕಿದ ಹಾಗೆ ನೋಡ್ರಿ. ಮೊದಲನೇ ಸಲ ಮಾತ್ರ ಪಕ್ಕದ ಮನೆಯಿಂದ ತರಬೇಕು, ಆಮೇಲೆ ನಿಮ್ಮ ಮೊಸರೇ ನಿಮ್ಮ ಹೆಪ್ಪು. ಇದು 1970. ಭಾಷೆಯ ವರದಿ ಅಚ್ಚಾಗಿದ್ದು 1971.

ಆಮೇಲೆ ಬೇರೆ ವಿಶ್ವವಿದ್ಯಾಲಯದವರು ‘ನಮ್ಮ ಯಂತ್ರಕ್ಕೂ ಕೊಡಿ’ ಅಂತ ಶುರು ಮಾಡಿದರು. ಒಂದೊಂದು ಯಂತ್ರಕ್ಕೆ ಒಂದೊಂದು ಬರೆಯೋರು ಯಾರು? ಅದಕ್ಕೆ ಒಂದು ಇಲ್ಲದ ಯಂತ್ರವನ್ನು ಕಲ್ಪಿಸಿಕೊಂಡು, ಅದರ ಸೂಚನೆಗಳನ್ನು ಮಾತ್ರ ಹೊರಡಿಸುವ ಕಂಪೈಲರ್ ಮಾಡಿದರು. ಆ ಸೂಚನೆಗೆ ಪಿ-ಕೋಡ್ ಅಂತ ಹೆಸರು ಬಿತ್ತು. ಅದನ್ನು ಓದುವ ಸಣ್ಣ ಪ್ರೋಗ್ರಾಂ ನಿಮ್ಮ ಊರಲ್ಲಿ ಬರೆದುಕೊಂಡರೆ ಪಾಸ್ಕಲ್ ನಿಮ್ಮ ಮನೆಗೆ ಬಂತು. ಇಪ್ಪತ್ತು ವರ್ಷ ಆದ ಮೇಲೆ ಜಾವಾ ಮಾಡಿದ್ದೂ ಇದೇ. ಆ ಕಂಪೈಲರಿನ ಟಿಪ್ಪಣಿ ಬರೆದವರಲ್ಲಿ ಮೊದಲ ಹೆಸರು ಕೆ. ವಿ. ನೋರಿ. ನಮ್ಮ ದೇಶದವರೇ, ಐಐಟಿ ಕಾನ್ಪುರದಲ್ಲಿ ಪಾಠ ಮಾಡಿದವರು, ಮುಂದೆ ಟಿಸಿಎಸ್‌ನಲ್ಲಿದ್ದರು. ಇದನ್ನ ನಮ್ಮಲ್ಲಿ ಎಷ್ಟು ಜನ ಹೇಳ್ತಾರೆ?

ಹಳೇ ಫ್ಲಾಪಿ
ಕಾಕಾ, ಹೆಪ್ಪಿನ ಮಾತು ಮಗನಿಗೆ ಓದಿ ಹೇಳಿದೆ. ನಮ್ಮ ಮನೆಯವಳು ಅಡುಗೆಮನೆಯಿಂದ ‘ಹೆಪ್ಪು ಯಾವಾಗ ಕೆಟ್ಟಿತು’ ಅಂತ ಕೇಳಿದಳು.

ಮಲೆನಾಡ ಮಳೆ
ಪಾಸ್ಕಲ್ ಅಂದರೆ ನನಗೆ ನೆನಪಾಗೋದು ಚಪ್ಪಲಿ. ನಮ್ಮ ಡಿಪ್ಲೊಮಾ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ, ದೇವಸ್ಥಾನದ ತರಹ. ಇಡೀ ಕಾಲೇಜಿನಲ್ಲಿ ಎಸಿ ಇದ್ದದ್ದು ಅದೊಂದೇ ಕೋಣೆಗೆ. ಎಂಟು ಕಂಪ್ಯೂಟರು, ಇಪ್ಪತ್ನಾಲ್ಕು ಜನ. ಒಬ್ಬ ಟೈಪ್ ಮಾಡೋನು, ಒಬ್ಬ ರೆಕಾರ್ಡ್ ನೋಡಿ ಓದೋನು, ಮೂರನೆಯವನು ಹಿಂದೆ ನಿಂತು ‘ಸೆಮಿಕೋಲನ್, ಸೆಮಿಕೋಲನ್!’ ಅಂತ ಕೂಗೋನು. ಮೂರನೆಯವನು ನಾನು. ಎಲ್ಲ ಸಾಲಿಗೂ ಹಾಕಿಸಿಬಿಡುತ್ತಿದ್ದೆ, ಎಲ್ಸ್‌ಗಿಂತ ಮುಂಚೆಯೂ. ಅಲ್ಲಿ ಎರರ್. ಯಾಕೆ ಅಂತ ಯಾರೂ ಹೇಳಲೇ ಇಲ್ಲ. ಹೊರಗೆ ಬಂದರೆ ಒಬ್ಬರ ಚಪ್ಪಲಿಯಂತೂ ಖಂಡಿತ ಇರುತ್ತಿರಲಿಲ್ಲ.

ಕಂಪೈಲರ್ ಕಾಕಾ
ಪಾಸ್ಕಲ್‌ನಲ್ಲಿ ಸೆಮಿಕೋಲನ್ ವಾಕ್ಯದ ಪೂರ್ಣವಿರಾಮ ಅಲ್ಲ, ಎರಡು ವಾಕ್ಯಗಳ ನಡುವಿನ ಗೋಡೆ. ಇಫ್ ಮತ್ತು ಎಲ್ಸ್ ಒಂದೇ ಮನೆಯವು, ನಡುವೆ ಗೋಡೆ ಕಟ್ಟಿದರೆ ಎಲ್ಸ್ ಅನಾಥ.

ಮಲೆನಾಡ ಮಳೆ
ಮೂವತ್ತು ವರ್ಷ ತಡವಾಗಿ ತಿಳೀತು ಸಾರ್. ಥ್ಯಾಂಕ್ಸ್.

ರಾಗಿಮುದ್ದೆ 64
ನಮ್ಮಲ್ಲೂ ಚಪ್ಪಲಿ ಹೊರಗೇ. ಧೂಳಿನಿಂದ ಕಂಪ್ಯೂಟರಿಗೆ ವೈರಸ್ ಬರುತ್ತೆ ಅಂತ ಅಟೆಂಡರ್ ನಂಬಿದ್ದ.

ನಿರ್ವಾಹಕ
ಚಪ್ಪಲಿಗೆ ಬೇರೆ ಎಳೆ ಶುರು ಮಾಡಿ ಪ್ಲೀಸ್.

ಕಾಫಿಪುಡಿ
ಏನೇ ಹೇಳಿ, ಟರ್ಬೊ ಪಾಸ್ಕಲ್ ಮಾರಿ ವಿರ್ಟ್ ಚೆನ್ನಾಗೇ ದುಡ್ಡು ಮಾಡಿರಬೇಕು. ಆ ಲೆಕ್ಕದಲ್ಲಿ ಸೋಲೆಲ್ಲಿ ಬಂತು?

ಜ್ಯೂರಿಕ್ ಕನ್ನಡತಿ
ಇಲ್ಲ ಇಲ್ಲ, ಟರ್ಬೊ ಪಾಸ್ಕಲ್ ಅವರದ್ದಲ್ಲ. ಅದರ ಕಂಪೈಲರ್ ಬರೆದದ್ದು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್, ಮಾರಿದ್ದು ಬೋರ್ಲ್ಯಾಂಡ್ ಕಂಪನಿ. 1983ರಲ್ಲಿ 49.95 ಡಾಲರಿಗೆ. ಆಗ ಬೇರೆ ಕಂಪೈಲರುಗಳಿಗೆ ನೂರಾರು ಡಾಲರ್ ಇತ್ತು. ಮೂರನೇ ಆವೃತ್ತಿಯಲ್ಲಿ ಎಡಿಟರ್, ಕಂಪೈಲರ್ ಎಲ್ಲ ಸೇರಿದ ಫೈಲು ಬರೀ 39,731 ಬೈಟ್. ಈಗ ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಹೂವು ಅದಕ್ಕಿಂತ ದೊಡ್ಡದಿರುತ್ತೆ.

ಅದು ಅಷ್ಟು ಚಿಕ್ಕದಾಗೋಕೆ, ಅಷ್ಟು ವೇಗ ಆಗೋಕೆ ಕಾರಣ ಭಾಷೆಯ ರಚನೆ. ಮೇಲಿಂದ ಕೆಳಗೆ ಒಂದೇ ಸಲ ಓದಿಕೊಂಡು ಹೋದರೆ ಕಂಪೈಲ್ ಮುಗಿಯಬೇಕು ಅಂತಲೇ ವಿರ್ಟ್ ಅದನ್ನ ಕಟ್ಟಿದ್ದರು. ಬಳಸುವ ಮುಂಚೆ ಎಲ್ಲವನ್ನೂ ಡಿಕ್ಲೇರ್ ಮಾಡಿ ಅಂತ ನಮಗೆ ಕಾಟ ಕೊಡುತ್ತಿದ್ದದ್ದು ಅದಕ್ಕೇ.

ಇನ್ನೊಂದು. ಇದೇ ಹೈಲ್ಸ್‌ಬರ್ಗ್ ಮುಂದೆ ಡೆಲ್ಫಿ, ಆಮೇಲೆ ಮೈಕ್ರೋಸಾಫ್ಟ್‌ನಲ್ಲಿ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನ ಮಾಡಿದರು. ಫ್ಲಾಪಿಯವರೇ, ನಿಮ್ಮ ಮಗ ಆಫೀಸಲ್ಲಿ ಏನು ಬರೀತಾನೆ ಕೇಳಿ. ಟೈಪ್‌ಸ್ಕ್ರಿಪ್ಟ್ ಆದರೆ, ಮೊದಲು ಹೆಸರು, ಆಮೇಲೆ ಕೋಲನ್, ಆಮೇಲೆ ಟೈಪ್. ನಿಮ್ಮ ರೆಕಾರ್ಡಿನ ‘ವಾರ್’ ಭಾಗ (ವೇರಿಯಬಲ್‌ಗಳನ್ನ ಡಿಕ್ಲೇರ್ ಮಾಡುವ ಜಾಗ) ತೆಗೆದು ಪಕ್ಕಕ್ಕಿಟ್ಟು ತೋರಿಸಿ.

ಹಳೇ ಫ್ಲಾಪಿ
ಕೇಳಿದೆ. ಬೆಳಗ್ಗಿಂದ ಸಂಜೆವರೆಗೂ ಟೈಪ್‌ಸ್ಕ್ರಿಪ್ಟೇ ಅಂತೆ. ರೆಕಾರ್ಡ್ ತೋರಿಸಿದೆ. ಸುಮ್ಮನಾದ. ಐದು ನಿಮಿಷ.

ಮಗನ ಪಕ್ಷ
ಅಂಕಲ್, ನಾನೂ ನಿಮ್ಮ ಮಗನ ವಯಸ್ಸಿನವನೇ, ಅದಕ್ಕೆ ಈ ಹೆಸರಲ್ಲಿ ಬಂದೆ. ನಮ್ಮ ಪ್ರಶ್ನೆ ಇಷ್ಟೇ. ಪಾಸ್ಕಲ್ ಗೆದ್ದಿತು, ಒಪ್ಪಿದೆ. ಆಮೇಲೆ? 1976ರಲ್ಲಿ ಒಂದು ವರ್ಷ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ ಹೋದರು, ಅಲ್ಲಿನ ಆಲ್ಟೊ ಕಂಪ್ಯೂಟರ್ ನೋಡಿದರು, ಅದನ್ನ ಕೊಳ್ಳೋಕೆ ಸಿಗಲ್ಲ ಅಂತ ಊರಿಗೆ ಬಂದು ತಮ್ಮದೇ ಲಿಲಿತ್ ಕಂಪ್ಯೂಟರ್ ಕಟ್ಟಿದರು, ಮೌಸ್ ಸಮೇತ. ಅದಕ್ಕೆ ಮಾಡ್ಯುಲಾ-2. ಎಲ್ಲ ಅದ್ಭುತ. ಆದರೆ ಮಾರೋಕೆ ಹೋದಾಗ ನಡೀಲಿಲ್ಲ. ಓಬೆರಾನ್‌ನಲ್ಲಂತೂ ಎಣಿಸಿ ಸುತ್ತುವ ಫಾರ್ ಲೂಪನ್ನೇ ಕಿತ್ತು ಹಾಕಿದರು! ವೈಲ್ ಇದ್ದರೆ ಸಾಕಂತೆ. ಎನ್ಯುಮರೇಶನ್ (ಬೆಲೆಗಳಿಗೆ ಹೆಸರಿಟ್ಟ ಪಟ್ಟಿ) ಕೂಡ ಔಟ್. ಗಿರಾಕಿ ಕೇಳಿದ್ದನ್ನ ಕೊಡದೆ ಇದ್ದದ್ದನ್ನೂ ಕಿತ್ತುಕೊಂಡರೆ ಅಂಗಡಿಗೆ ಯಾರು ಬರ್ತಾರೆ?

ಸಿ ಪಾರ್ಟಿ
ಫಾರ್ ಲೂಪ್ ವಿಷಯ ನಿಜ. ಆಮೇಲೆ ವಾಪಸ್ ಬಂತು ಅನ್ನೋದೂ ನಿಜ. ಜೊತೆಗೆ ಕೀವರ್ಡ್ ಎಲ್ಲ ದೊಡ್ಡಕ್ಷರದಲ್ಲೇ ಇರಬೇಕು ಅನ್ನೋ ಹಟ. ಮಾಡ್ಯುಲಾ-2 ಓದಿದರೆ ಯಾರೋ ಬೈದ ಹಾಗೆ ಇರುತ್ತೆ.

ಕಂಪೈಲರ್ ಕಾಕಾ
ಹುಡುಗ ಸರಿಯಾದ ಜಾಗಕ್ಕೆ ಕೈ ಹಾಕಿದ. ಅಂಗಡಿ ಅಂದೆಯಲ್ಲ, ಅವರು ಅಂಗಡಿ ಇಟ್ಟಿದ್ದೇ ಇಲ್ಲಪ್ಪ.

ಅವರ ವಿದ್ಯಾರ್ಥಿ ಮೈಕಲ್ ಫ್ರಾನ್ಜ್ ಬರೆದ ಒಂದು ಸಂಗತಿ ಹೇಳ್ತೀನಿ. ಕಂಪೈಲರ್ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯೋಕೆ ವಿರ್ಟ್ ಒಂದೇ ತಕ್ಕಡಿ ಇಟ್ಟಿದ್ದರು: ಅದು ತನ್ನನ್ನು ತಾನು ಎಷ್ಟು ಬೇಗ ಕಂಪೈಲ್ ಮಾಡಿಕೊಳ್ಳುತ್ತೆ? ನೀವೊಂದು ಹೊಸ ಜಾಣತನ ತುರುಕಿದಿರಿ ಅನ್ನಿ. ಅದರಿಂದ ಕೋಡ್ ಜಾಸ್ತಿ ಆಗುತ್ತೆ, ಕಂಪೈಲರಿಗೆ ತನ್ನನ್ನೇ ಓದೋಕೆ ಹೊತ್ತು ಹಿಡಿಯುತ್ತೆ. ಆ ಜಾಣತನ ಉಳಿಸುವ ಹೊತ್ತು ಅದಕ್ಕಿಂತ ಜಾಸ್ತಿ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹೀಗೆ ಅಳೆದು ಒಂದು ದಿನ, ಹೆಸರುಗಳ ಪಟ್ಟಿ ಹುಡುಕೋಕೆ ಇಟ್ಟಿದ್ದ ಸೊಗಸಾದ ಡೇಟಾ ಸ್ಟ್ರಕ್ಚರನ್ನು ಕಿತ್ತು, ಮಾಮೂಲಿ ಲಿಂಕ್ಡ್ ಲಿಸ್ಟ್ ಹಾಕಿದರು. ಮೊದಲಿಂದ ಕೊನೆವರೆಗೂ ಒಂದೊಂದೇ ನೋಡಿಕೊಂಡು ಹೋಗೋದು, ಮೊದಲ ವರ್ಷದ ಹುಡುಗರು ಬರೆಯುವಂಥದ್ದು. ಶಿಷ್ಯರಿಗೆ ಗಾಬರಿ. ವಿರ್ಟ್ ಲೆಕ್ಕ ಏನು? ಒಂದು ಪ್ರೊಸೀಜರಿನಲ್ಲಿ ಇರೋದೇ ನಾಲ್ಕಾರು ಹೆಸರು. ನಾಲ್ಕು ಪಾತ್ರೆ ಇರುವ ಮನೆಗೆ ಉಗ್ರಾಣದ ಕಪಾಟು ಯಾಕೆ?

ಆಲ್ಗಾರಿದಮ್ಸ್ + ಡೇಟಾ ಸ್ಟ್ರಕ್ಚರ್ಸ್ = ಪ್ರೋಗ್ರಾಮ್ಸ್ ಅಂತ ಪುಸ್ತಕ ಬರೆದವರು ಹೀಗೆ ಮಾಡಿದರು ಅನ್ನೋದು ನನಗೆ ಭಾರಿ ಇಷ್ಟ. ನಾನು 22 ವರ್ಷ ಪಾಠ ಮಾಡಿದೆ. ಪ್ರತಿ ವರ್ಷ ಸಿಲಬಸ್‌ಗೆ ಸೇರಿಸಿದ್ದೇ ಹೊರತು ಒಂದು ಪುಟ ತೆಗೆದು ಹಾಕುವ ಧೈರ್ಯ ಬರಲಿಲ್ಲ. ಅವರು ಓಬೆರಾನ್ ಭಾಷೆ ಪೂರ್ತಿ 16 ಪುಟದಲ್ಲಿ ಹೇಳಿ ಮುಗಿಸಿದರು. ಮಾಡ್ಯುಲಾ-2ಕ್ಕಿಂತ ಸಣ್ಣದು. ಹೊಸ ಆವೃತ್ತಿ ಹಳೆಯದಕ್ಕಿಂತ ತೆಳ್ಳಗಾದ ಇನ್ನೊಂದು ಸಾಮಾನು ತೋರಿಸು ನೋಡೋಣ.

ಮಗನ ಪಕ್ಷ
ಪಾರ್ಲೆ-ಜಿ ಪ್ಯಾಕೆಟ್.

ಕಂಪೈಲರ್ ಕಾಕಾ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಾಫಿಪುಡಿ
ಸಾಫ್ಟ್‌ವೇರ್ ನಿಧಾನ ಆಗುವ ವೇಗ, ಹಾರ್ಡ್‌ವೇರ್ ಚುರುಕಾಗುವ ವೇಗಕ್ಕಿಂತ ಜಾಸ್ತಿ ಅನ್ನೋ ‘ವಿರ್ಟ್ ನಿಯಮ’ ಇವರದ್ದೇ ಅಲ್ವಾ? ನನ್ನ ಬ್ಯಾಂಕಿನ ಆ್ಯಪ್ ತೆರೆಯುವಾಗೆಲ್ಲ ನೆನಪಾಗುತ್ತೆ.

ಜ್ಯೂರಿಕ್ ಕನ್ನಡತಿ
1995ರ ಲೇಖನದಲ್ಲಿ ಅವರು ಅದನ್ನ ಬರೆದದ್ದು ಹೌದು. ಆದರೆ ಮಾತು ಮಾರ್ಟಿನ್ ರೈಸರ್ ಅವರದ್ದು ಅಂತ ಅಲ್ಲೇ ಹೇಳಿದ್ದಾರೆ. ಲೋಕ ಕೇಳಲಿಲ್ಲ, ಇವರ ಹೆಸರೇ ಅಂಟಿಸಿತು.

ಡೇಟಾಬೇಸ್ ಭಟ್ರು
ಇದಕ್ಕೆ ಉಲ್ಟಾ ಆದದ್ದೂ ಇದೆ. ಪ್ರೋಗ್ರಾಂನಲ್ಲಿ ಎಲ್ಲಿಂದ ಎಲ್ಲಿಗೋ ಜಿಗಿಸುವ ಗೋಟೊ ಅಪಾಯಕಾರಿ ಅಂತ 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಬರೆದ ಪತ್ರ ಎಲ್ಲರಿಗೂ ಗೊತ್ತು. ಆ ಖಾರದ ತಲೆಬರಹ ಡೈಕ್‌ಸ್ಟ್ರಾ ಕೊಟ್ಟದ್ದಲ್ಲ, ಸಂಪಾದಕರಾಗಿದ್ದ ವಿರ್ಟ್ ಬದಲಾಯಿಸಿದ್ದು. ಆಮೇಲಿಂದ ಎಷ್ಟು ಲೇಖನಗಳು ಅದೇ ತಲೆಬರಹ ಕದ್ದವೋ.

ಸಿ ಪಾರ್ಟಿ
ಅಷ್ಟು ಮಾಡಿ ಪಾಸ್ಕಲ್‌ನಲ್ಲಿ ಗೋಟೊ ಇಟ್ಟರು ನೋಡಿ! ಲೇಬಲ್‌ಗೆ ಮೊದಲೇ ಡಿಕ್ಲರೇಶನ್ ಬೇರೆ. ಬೀಡಿ ಸೇದಬಾರದು ಅಂತ ಬೋರ್ಡ್ ಹಾಕಿ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟ ಹಾಗೆ.

ಡೇಟಾಬೇಸ್ ಭಟ್ರು
ಮಾಡ್ಯುಲಾ-2ರಲ್ಲಿ ತೆಗೆದರಲ್ಲ. ಚಟ ಬಿಡೋಕೆ ಟೈಮ್ ಬೇಕು.

ಮಗನ ಪಕ್ಷ
ಒಂದು ಒಪ್ಪಿಗೆ. ನಮ್ಮ ಟೀಮಲ್ಲಿ ಗೋ ಭಾಷೆ ಬಳಸ್ತೀವಿ. ಅದನ್ನ ಮಾಡಿದ ಮೂವರಲ್ಲಿ ಒಬ್ಬರು ರಾಬರ್ಟ್ ಗ್ರೀಸೆಮರ್. ಈಗ ನೋಡಿದರೆ ಇಟಿಎಚ್‌ನಲ್ಲಿ ಪಿಎಚ್‌ಡಿ ಮಾಡಿದವರು, ಮೇಲ್ವಿಚಾರಕರಲ್ಲಿ ವಿರ್ಟ್ ಇದ್ದಾರೆ. ಗೋದ ಪ್ಯಾಕೇಜ್ ವ್ಯವಸ್ಥೆ ಮಾಡ್ಯುಲಾ, ಓಬೆರಾನ್ ಕಡೆಯಿಂದ ಬಂದದ್ದು. ಅದರಲ್ಲಿ := ಕೂಡ ಇದೆ. ಆದರೂ ನನ್ನ ವಾದ ಪೂರ್ತಿ ಬಿಟ್ಟಿಲ್ಲ. ಮೊಮ್ಮಗ ಕೆಲಸಕ್ಕೆ ಹೋದರೆ ತಾತನಿಗೆ ಸಂಬಳ ಬಂದ ಹಾಗೆ ಆಗಲ್ಲ.

ಜ್ಯೂರಿಕ್ ಕನ್ನಡತಿ
ತಾತ ಕೂಡ ಕೆಲಸ ಬಿಟ್ಟಿರಲಿಲ್ಲ ಮರಿ. ಓಬೆರಾನ್ ಬರೀ ಭಾಷೆ ಅಲ್ಲ, ಅದೇ ಹೆಸರಿನ ಆಪರೇಟಿಂಗ್ ಸಿಸ್ಟಮ್ಮೂ ಹೌದು. 80ರ ದಶಕದ ಕೊನೆಗೆ ಯುರ್ಗ್ ಗುಟ್‌ನೆಖ್ಟ್ ಜೊತೆ ಸೇರಿ ಇಬ್ಬರೇ ಬರೆದದ್ದು. ವಾಯೇಜರ್ ನೌಕೆ ತೋರಿಸಿದ ಯುರೇನಸ್‌ನ ಚಂದ್ರನ ಹೆಸರು ಅದಕ್ಕೆ. 2013ರಲ್ಲಿ ಅದನ್ನ ಮತ್ತೆ ಕೈಗೆತ್ತಿಕೊಂಡರು. ಹಳೇ ಪ್ರೊಸೆಸರ್ ಅಷ್ಟೊತ್ತಿಗೆ ಎಲ್ಲೂ ಸಿಗುತ್ತಿರಲಿಲ್ಲ. ಬೇರೆಯವರಾದರೆ ಸಿಗುವ ಚಿಪ್‌ಗೆ ಹೊಂದಿಸುತ್ತಿದ್ದರು. ಇವರು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಹೊಂದಿಸಿಕೊಳ್ಳುವ ಚಿಪ್) ಬೋರ್ಡ್ ತಂದು ತಮ್ಮದೇ ಪ್ರೊಸೆಸರ್ ವಿನ್ಯಾಸ ಮಾಡಿಕೊಂಡರು, ಅದಕ್ಕೆ ಕಂಪೈಲರ್ ಹೊಸದಾಗಿ ಬರೆದರು. ಮೆಮೊರಿ ಒಂದು ಎಂಬಿ. ವಯಸ್ಸು 79.

ರಾಗಿಮುದ್ದೆ 64
ನಮ್ಮಪ್ಪನಿಗೆ 79. ರಿಮೋಟ್‌ನಲ್ಲಿ ಚಾನೆಲ್ ಬದಲಾಯಿಸಲು ನನ್ನನ್ನ ಕರೀತಾರೆ.

ಮಲೆನಾಡ ಮಳೆ
ಫ್ಲಾಪಿಯವರೇ, ಜಗಳ ಏನಾಯ್ತು? ತೀರ್ಪು ಹೇಳದೆ ಎಲ್ಲಿ ಹೋದ್ರಿ?

ಹಳೇ ಫ್ಲಾಪಿ
ಜಗಳ ಬೇರೆ ದಾರಿ ಹಿಡಿಯಿತು. ನಿನ್ನೆ ರಾತ್ರಿ ಊಟ ಆದ ಮೇಲೆ ಮಗ ಲ್ಯಾಪ್‌ಟಾಪಿಗೆ ಫ್ರೀ ಪಾಸ್ಕಲ್ ಅನ್ನೋ ಕಂಪೈಲರ್ ಹಾಕಿದ. ‘ನಿಮ್ಮ ರೆಕಾರ್ಡಿನ ಪ್ರೋಗ್ರಾಂ ಓಡಿಸೋಣ, ನೀವು ಓದಿ, ನಾನು ಟೈಪ್ ಮಾಡ್ತೀನಿ’ ಅಂದ. 14ನೇ ಪುಟ, ವಿದ್ಯಾರ್ಥಿ ಪಾಸೋ ಫೇಲೋ ಹೇಳುವ ಪ್ರೋಗ್ರಾಂ. ಅಕ್ಷರ ಬಿಡದೆ ಓದಿದೆ. ಕಂಪೈಲ್ ಮಾಡಿದರೆ ಎರರ್: ಸೆಮಿಕೋಲನ್ ಬೇಕಿತ್ತು, ಎಲ್ಸ್ ಸಿಕ್ಕಿತು ಅಂತ.

‘ಸೆಮಿಕೋಲನ್ ಹಾಕಿದ್ದೀನಲ್ಲ, ಇನ್ನೂ ಬೇಕು ಅಂತಿದೆ’ ಅಂತ ಮಗ ತಲೆ ಕೆರೆದುಕೊಂಡ. ನಾನು ಕಾಕಾ ಹೇಳಿದ ಗೋಡೆಯ ಮಾತು ಹೇಳಿ, ಎಲ್ಸ್ ಹಿಂದಿನ ಸೆಮಿಕೋಲನ್ ಅಳಿಸಿಸಿದೆ. ಓಡಿತು. ಆಮೇಲೆ ಇಬ್ಬರೂ ರೆಕಾರ್ಡ್ ಬಗ್ಗಿ ನೋಡಿದೆವು. ಆ ಸೆಮಿಕೋಲನ್ ನನ್ನ ಕೈಬರಹದಲ್ಲೇ ಇದೆ. ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು, ಹತ್ತಕ್ಕೆ ಹತ್ತು, ಮೇಷ್ಟ್ರ ಸಹಿ.

ಸಿ ಪಾರ್ಟಿ
ಮೇಷ್ಟ್ರು ಸಿ ಪಾರ್ಟಿಯವರೇ ಇರಬೇಕು.

ಮಲೆನಾಡ ಮಳೆ
ಸಾರ್, ನೀವು ಯಾವ ಕಾಲೇಜು? ಹಿಂದೆ ನಿಂತು ಕೂಗಿದ್ದು ನಾನೇ ಇರಬಹುದು ಅಂತ ಡೌಟು.